ಮುಚ್ಚಿದ ಪುಸ್ತಕದೊಳಗಿನ ನಾಯಿಗಳು

1859ರ ಜೂನ್‌ನಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ಪಟ್ಟಣದಲ್ಲಿ ನಾಯಿಗಳ ಪ್ರದರ್ಶನವೊಂದು ನಡೆಯಿತು. ಪಾಯಿಂಟರ್ ಮತ್ತು ಸೆಟರ್ ಎಂಬ ಬೇಟೆನಾಯಿಗಳಿಗೆ ಮಾತ್ರ ಪ್ರವೇಶ; ಬಹುಮಾನ ಬಂದೂಕು. ಅಲ್ಲಿಯತನಕ ಬೇಟೆನಾಯಿಯ ಯೋಗ್ಯತೆ ಗೊತ್ತಾಗುತ್ತಿದ್ದದ್ದು ಬಯಲಿನಲ್ಲಿ, ಓಟದಲ್ಲಿ, ಮೂಗಿನ ಚುರುಕಿನಲ್ಲಿ. ಇಲ್ಲಿ ನಿಂತ ನಿಲುವನ್ನು ನೋಡಿಯೇ ತೀರ್ಪು ಕೊಟ್ಟರು. 1873ರಲ್ಲಿ ಲಂಡನ್ನಿನಲ್ಲಿ ಕೆನಲ್ ಕ್ಲಬ್ ಹುಟ್ಟಿತು, ಮರುವರ್ಷವೇ ಅದರ ವಂಶಾವಳಿ ಪುಸ್ತಕ ಹೊರಬಂತು. ಬರಬರುತ್ತ ಒಂದು ನಿಯಮ ಗಟ್ಟಿಯಾಯಿತು: ಅಪ್ಪ ಅಮ್ಮ ಇಬ್ಬರ ಹೆಸರೂ ಪುಸ್ತಕದಲ್ಲಿದ್ದರಷ್ಟೇ ಮರಿಯ ಹೆಸರಿಗೆ ಅಲ್ಲಿ ಜಾಗ. ನಾಯಿಗಳ ಆನುವಂಶಿಕ ರೋಗಗಳ ಚರಿತ್ರೆಯನ್ನು ಓದುತ್ತ ಹೋದಂತೆಲ್ಲ ನಾನು ಈ ಮುಚ್ಚಿದ ಪುಸ್ತಕಕ್ಕೇ ಮತ್ತೆ ಮತ್ತೆ ಬಂದು ನಿಲ್ಲುತ್ತೇನೆ.

ಮುಚ್ಚಿದ್ದರಿಂದ ಆದದ್ದೇನು? ನಮ್ಮಲ್ಲಿ ಅಕ್ಕನ ಮಗಳನ್ನು ತಂದುಕೊಳ್ಳುವ ವಾಡಿಕೆಯಿದೆ; ಆದ್ದರಿಂದ ಇದನ್ನು ಕನ್ನಡದ ಓದುಗರಿಗೆ ವಿವರಿಸುವುದು ಕಷ್ಟವಲ್ಲ. ಕೆಟ್ಟ ವಂಶವಾಹಿಯ ಒಂದೇ ಪ್ರತಿ ಇದ್ದರೆ ಹೆಚ್ಚಿನ ಸಲ ಏನೂ ಆಗುವುದಿಲ್ಲ. ಅಪ್ಪನಿಂದಲೂ ಅಮ್ಮನಿಂದಲೂ ಅದೇ ಪ್ರತಿ ಬಂದು ಕೂಡಿದಾಗ ರೋಗ ಹೊರಬೀಳುತ್ತದೆ. ಸೋದರಮಾವ ಮತ್ತು ಸೊಸೆಯ ಮಗುವಿಗೆ ಒಬ್ಬನೇ ಪೂರ್ವಜನಿಂದ ಎರಡು ಪ್ರತಿಗಳು ಬರುವ ಸಂಭವ 12.5%. ಒಡಹುಟ್ಟಿದ ಎರಡು ನಾಯಿಗಳನ್ನು ಕೂಡಿಸಿದರೆ ಹುಟ್ಟುವ ಮರಿಗಳಲ್ಲಿ ಅದು 25%. 2021ರಲ್ಲಿ ಪ್ರಕಟವಾದ ಒಂದು ಅಧ್ಯಯನ 227 ತಳಿಗಳ ಡಿಎನ್‌ಎ ನೋಡಿ ಇದೇ ಸಂಭವದ ಸರಾಸರಿ ತೆಗೆಯಿತು. ಸಿಕ್ಕ ಅಂಕೆ ಸುಮಾರು 25%. ಅಂದರೆ ಯಾವ ತಪ್ಪನ್ನೂ ಮಾಡದ, ದೂರದೂರಿನ ಗಂಡನ್ನೇ ಹುಡುಕಿ ತಂದ ಬ್ರೀಡರ್ ಕೂಡ ಎಷ್ಟೋ ತಳಿಗಳಲ್ಲಿ ಅಣ್ಣ-ತಂಗಿಯನ್ನು ಕೂಡಿಸಿದ ಹಾಗೆಯೇ ಲೆಕ್ಕ. ಒಬ್ಬ ಚಾಂಪಿಯನ್ ಗಂಡುನಾಯಿಗೆ ನೂರಾರು ಮರಿಗಳಾಗುವ ಪದ್ಧತಿ ವಂಶವಾಹಿಗಳ ಈ ಕೊಳವನ್ನು ಇನ್ನಷ್ಟು ಬತ್ತಿಸಿತು.

ರೋಗಗಳನ್ನು ಗುರುತಿಸುವ ಕೆಲಸ ಶುರುವಾದದ್ದು ತಡವಾಗಿ. ಸೊಂಟದ ಕೀಲು ಸಡಿಲವಾಗಿ ಸವೆಯುವ ಹಿಪ್ ಡಿಸ್ಪ್ಲೇಷಿಯಾವನ್ನು ನಾಯಿಗಳಲ್ಲಿ ಮೊದಲು ವಿವರಿಸಿದವರು ಅಮೆರಿಕದ ಪಶುವೈದ್ಯ ಷ್ನೆಲ್ಲೆ, 1935ರಲ್ಲಿ. ಮೂರು ದಶಕಗಳ ನಂತರ, 1966ರಲ್ಲಿ, ಉದ್ಯಮಿ ಜಾನ್ ಓಲಿನ್ ಅವರ ಮುತುವರ್ಜಿಯಿಂದ ಆರ್ಥೋಪೆಡಿಕ್ ಫೌಂಡೇಶನ್ ಫಾರ್ ಅನಿಮಲ್ಸ್ ಸ್ಥಾಪನೆಯಾಯಿತು. ಎರಡು ವರ್ಷ ತುಂಬಿದ ನಾಯಿಯ ಎಕ್ಸ್-ರೇ ತೆಗೆದು ಏಳು ದರ್ಜೆಗಳಲ್ಲಿ ಅಳೆಯುವ ಪದ್ಧತಿ ಬಂತು. ಆದರೆ ಇಲ್ಲಿ ಒಂದು ತೊಡಕಿದೆ. ಸೊಂಟದ ದೋಷ ಒಂದೇ ವಂಶವಾಹಿಯ ಕೆಲಸವಲ್ಲ. ಹಲವು ಸೇರಿ ಆಗುವಂಥದ್ದು. ಒಳ್ಳೆಯ ಎಕ್ಸ್-ರೇ ಇದ್ದ ಜೋಡಿಗೂ ಕುಂಟುವ ಮರಿ ಹುಟ್ಟಬಹುದು. ಮೇಲಾಗಿ ಊಟದ ಪಾಲೂ ದೊಡ್ಡದು: 48 ಲ್ಯಾಬ್ರಡಾರ್‌ಗಳನ್ನು ಜೀವಮಾನವಿಡೀ ಗಮನಿಸಿದ ಪ್ರಯೋಗದಲ್ಲಿ ಕಾಲು ಭಾಗ ಕಡಿಮೆ ತಿಂದವುಗಳಿಗೆ ಕೀಲಿನ ಸವೆತ ಕಡಿಮೆಯಾಯಿತು, ಆಯಸ್ಸು ಹತ್ತಿರ ಹತ್ತಿರ ಎರಡು ವರ್ಷ ಹೆಚ್ಚಿತು. ನಮ್ಮ ಮನೆಗಳ ಉಬ್ಬಿದ ಲ್ಯಾಬ್‌ಗಳನ್ನು ಕಂಡಾಗಲೆಲ್ಲ ಈ ಅಂಕೆ ನನಗೆ ನೆನಪಾಗುತ್ತದೆ.

ಕಣ್ಣಿನ ಕಥೆ ಬೇರೆ. ಐರಿಷ್ ಸೆಟರ್‌ಗಳಲ್ಲಿ ಇರುಳುಗುರುಡಿನಿಂದ ಆರಂಭವಾಗಿ ಪೂರ್ತಿ ಕುರುಡಾಗುವ ರೋಗವಿತ್ತು. ದೋಷವನ್ನು ಹೊತ್ತೂ ತಾನು ಆರೋಗ್ಯವಾಗಿರುವ ನಾಯಿಯನ್ನು ಪತ್ತೆ ಮಾಡಲು ಆಗ ಇದ್ದದ್ದು ಒಂದೇ ದಾರಿ: ಅದನ್ನು ಕುರುಡು ನಾಯಿಯ ಜೊತೆ ಕೂಡಿಸಿ, ಹುಟ್ಟಿದ ಮರಿಗಳು ಕುರುಡಾಗುತ್ತವೆಯೋ ಎಂದು ಕಾಯುವುದು. ಒಂದು ನಾಯಿಯ ಸತ್ಯ ತಿಳಿಯಲು ಒಂದು ಸೂಲಿನ ಮರಿಗಳ ಕಣ್ಣು ತೆರಬೇಕಿತ್ತು. 1993ರಲ್ಲಿ ಆ ವಂಶವಾಹಿಯ ದೋಷ ಸಿಕ್ಕಿತು. ಅಲ್ಲಿಂದ ಮುಂದೆ ತುಸು ರಕ್ತ ಸಾಕಾಯಿತು. ಈ ಚರಿತ್ರೆಯಲ್ಲಿ ನನ್ನನ್ನು ಹೆಚ್ಚು ನಿರಾಳಗೊಳಿಸುವ ವರ್ಷ ಅದು.

2005ರಲ್ಲಿ ತಾಶಾ ಎಂಬ ಬಾಕ್ಸರ್ ಹೆಣ್ಣುನಾಯಿಯ ಪೂರ್ಣ ಜೀನೋಮ್ ಪ್ರಕಟವಾದ ಮೇಲೆ ಪರೀಕ್ಷೆಗಳು ಮಳೆಗಾಲದ ಅಣಬೆಗಳಂತೆ ಎದ್ದವು. ಅದಕ್ಕೂ ಮುಂಚೆ, 2001ರಲ್ಲಿ, ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಕತ್ರಿನಾ ಮೀಲಿ ಮತ್ತು ಸಂಗಡಿಗರು ಕಾಲಿ ತಳಿಯ ನಾಯಿಗಳಿಗೆ ಐವರ್ಮೆಕ್ಟಿನ್ ಎಂಬ ಔಷಧಿ ಏಕೆ ವಿಷವಾಗುತ್ತದೆಂದು ಕಂಡುಹಿಡಿದಿದ್ದರು: ಔಷಧಿ ಮಿದುಳಿಗೆ ನುಗ್ಗದಂತೆ ತಡೆಯುವ ವಂಶವಾಹಿಯೇ ಅವುಗಳಲ್ಲಿ ಕೆಟ್ಟಿದೆ. ಅಮೆರಿಕದ ಕಾಲಿಗಳಲ್ಲಿ ನೂರಕ್ಕೆ ಸುಮಾರು 70ರಲ್ಲಿ ಈ ದೋಷದ ಒಂದು ಪ್ರತಿಯಾದರೂ ಇರುತ್ತದೆ. ಉಣ್ಣಿಗೂ ಕಜ್ಜಿಗೂ ವೈದ್ಯರನ್ನು ಕೇಳದೆ ಐವರ್ಮೆಕ್ಟಿನ್ ಕೊಡುವವರು ನಮ್ಮಲ್ಲಿದ್ದಾರೆ. ಕಾಲಿ ಅಥವಾ ಅದರ ಸಂಕರದ ನಾಯಿ ಮನೆಯಲ್ಲಿದ್ದರೆ ದಯವಿಟ್ಟು ಹಾಗೆ ಮಾಡಬೇಡಿ.

ಪರೀಕ್ಷೆ ಇದ್ದ ಮಾತ್ರಕ್ಕೆ ಎಲ್ಲ ಸರಿಹೋಗುವುದಿಲ್ಲ ಎನ್ನುವುದಕ್ಕೆ ಬಸೆಂಜಿ ಸಾಕ್ಷಿ. ಆಫ್ರಿಕಾ ಮೂಲದ ಈ ತಳಿಯಲ್ಲಿ ರಕ್ತಹೀನತೆಯ ರೋಗವೊಂದಿತ್ತು. 1970ರ ದಶಕದಲ್ಲಿ ಅದನ್ನು ಹೊತ್ತ ನಾಯಿಗಳನ್ನೆಲ್ಲ ಪರೀಕ್ಷೆಯಿಂದ ಗುರುತಿಸಿ ಬ್ರೀಡಿಂಗ್‌ನಿಂದ ಕೈಬಿಟ್ಟರು. ಮೊದಲೇ ಸಣ್ಣದಿದ್ದ ಕೊಳ ಇನ್ನೂ ಸಣ್ಣದಾಯಿತು, ಫ್ಯಾಂಕೋನಿ ಎಂಬ ಮೂತ್ರಪಿಂಡದ ರೋಗ ತಲೆಯೆತ್ತಿತು. ಕೊನೆಗೆ 1990ರಲ್ಲಿ ಅಮೆರಿಕನ್ ಕೆನಲ್ ಕ್ಲಬ್ ಪುಸ್ತಕದ ಬಾಗಿಲು ತೆರೆದು ಆಫ್ರಿಕಾದಿಂದ ತಂದ ಹೊಸ ನಾಯಿಗಳನ್ನು ಸೇರಿಸಿಕೊಂಡಿತು.

ಡಾಲ್ಮೇಷಿಯನ್‌ಗೆ ಆ ಬಾಗಿಲು ಅಷ್ಟು ಸುಲಭವಾಗಿ ತೆರೆಯಲಿಲ್ಲ. ಈ ತಳಿಯ ಪ್ರತಿಯೊಂದು ನಾಯಿಯಲ್ಲೂ ಯೂರಿಕ್ ಆಮ್ಲವನ್ನು ಸಂಭಾಳಿಸುವ ವಂಶವಾಹಿಯ ಎರಡೂ ಪ್ರತಿ ಕೆಟ್ಟಿದ್ದವು. ಆದ್ದರಿಂದ ಮೂತ್ರದಲ್ಲಿ ಕಲ್ಲು. ಗಂಡುಗಳಲ್ಲಿ ಅದು ನಾಳಕ್ಕೆ ಸಿಕ್ಕಿಕೊಂಡರೆ ಪ್ರಾಣಕ್ಕೇ ಕುತ್ತು. ಒಳ್ಳೆಯ ಪ್ರತಿ ತಳಿಯೊಳಗೆ ಎಲ್ಲೂ ಇಲ್ಲದಿದ್ದ ಮೇಲೆ ಒಳಗೇ ಎಷ್ಟು ಆರಿಸಿದರೇನು? 1973ರಲ್ಲಿ ತಳಿವಿಜ್ಞಾನಿ ರಾಬರ್ಟ್ ಶೈಬಲ್ ಒಂದೇ ಒಂದು ಪಾಯಿಂಟರ್‌ನ ಜೊತೆ ಡಾಲ್ಮೇಷಿಯನ್ನನ್ನು ಕೂಡಿಸಿದರು. ಮರಿಗಳನ್ನು ಮತ್ತೆ ಡಾಲ್ಮೇಷಿಯನ್ನಿಗೇ, ಅವುಗಳ ಮರಿಗಳನ್ನು ಮತ್ತೆ ಡಾಲ್ಮೇಷಿಯನ್ನಿಗೇ ಕೂಡಿಸುತ್ತ, ಪ್ರತಿ ತಲೆಮಾರಿನಲ್ಲೂ ಒಳ್ಳೆಯ ಪ್ರತಿಯಿದ್ದ ಮರಿಗಳನ್ನು ಮಾತ್ರ ಉಳಿಸಿಕೊಳ್ಳುತ್ತ ಹೋದರು. ಐದನೆಯ ತಲೆಮಾರಿನ ಎರಡು ನಾಯಿಗಳನ್ನು ಅಮೆರಿಕನ್ ಕ್ಲಬ್ 1981ರಲ್ಲಿ ನೋಂದಾಯಿಸಿತು. ತಳಿಯ ಅಭಿಮಾನಿಗಳು ರಕ್ತ ಕೆಟ್ಟಿತೆಂದು ಎದ್ದು ನಿಂತರು, ನೋಂದಣಿ ನಿಂತಿತು. 2008ರಲ್ಲಿ ವಂಶವಾಹಿ ಗುರುತಾಗಿ ವಾದಕ್ಕೆ ಎಡೆಯೇ ಉಳಿಯದಿದ್ದರೂ ಬ್ರಿಟನ್ ಒಪ್ಪಿದ್ದು 2010ರಲ್ಲಿ, ಅಮೆರಿಕ ಒಪ್ಪಿದ್ದು 2011ರಲ್ಲಿ. ಮದ್ದು ಮುಂದಿಟ್ಟುಕೊಂಡೇ ಮೂವತ್ತು ವರ್ಷ ನಾಯಿಗಳನ್ನು ನರಳಲು ಬಿಟ್ಟದ್ದನ್ನು ಓದಿದಾಗ ನನಗೆ ಸಿಟ್ಟು ಬರುತ್ತದೆ.

ಕೆಲವು ರೋಗಗಳಿಗೆ ಪರೀಕ್ಷೆಯೇ ಬೇಡ. ಅವು ಮುಖದ ಮೇಲೇ ಇವೆ. ದೊಡ್ಡ ತಲೆಯ ಬುಲ್‌ಡಾಗ್‌ಗಳ ಸೂಲುಗಳಲ್ಲಿ 80%ಕ್ಕೂ ಹೆಚ್ಚು ಸಿಸೇರಿಯನ್ ಎಂದು ಬ್ರಿಟನ್ನಿನ ಸಮೀಕ್ಷೆಯೊಂದು ತೋರಿಸಿತು. 2008ರಲ್ಲಿ ಬಿಬಿಸಿಯ ಸಾಕ್ಷ್ಯಚಿತ್ರವೊಂದು ಇಂಥ ತಳಿಗಳ ಸ್ಥಿತಿಯನ್ನು ಮನೆಮನೆಗೆ ತೋರಿಸಿದ ಮೇಲೆ ಕೆನಲ್ ಕ್ಲಬ್ ಒಡಹುಟ್ಟಿದವುಗಳ ಮತ್ತು ತಂದೆ-ಮಗಳಂಥ ಜೋಡಿಗಳ ಮರಿಗಳ ನೋಂದಣಿಯನ್ನು ನಿಲ್ಲಿಸಿತು. ನಾರ್ವೆಯ ಸುಪ್ರೀಂ ಕೋರ್ಟ್ 2023ರಲ್ಲಿ ಕ್ಯಾವಲಿಯರ್ ನಾಯಿಗಳನ್ನು ಈಗಿನ ರೀತಿಯಲ್ಲಿ ಬೆಳೆಸುವುದು ಕಾನೂನುಬಾಹಿರ ಎಂದಿತು. ನಮ್ಮ ದೇಶದಲ್ಲಿ 2003ರ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನ ಪಗ್ ನಾಯಿ ಎಲ್ಲರ ಮನಸ್ಸು ಗೆದ್ದಿತು. ನಾಯಿ ಮೈ ತಣಿಸಿಕೊಳ್ಳುವುದೇ ಏದುಸಿರಿನಿಂದ. ಮೂಗೇ ಇಲ್ಲದ ನಾಯಿಗೆ ರಾಯಚೂರು, ಕಲಬುರಗಿಯ ಬೇಸಿಗೆ ಎಂಥ ಶಿಕ್ಷೆಯೆಂದು ಯಾರೂ ಹೇಳಲಿಲ್ಲ. ಆ ಗೊರಕೆಯನ್ನು ಮುದ್ದೆಂದು ನಾವು ನಕ್ಕೆವು. ಅದು ಉಸಿರು ಸಿಗದ ಸದ್ದು.

ಕನ್ನಡದಲ್ಲಿ ಈ ವಿಷಯ ಸಾಮಾನ್ಯರ ಮಾತಿಗೆ ಬಂದದ್ದು 2022ರ ‘777 ಚಾರ್ಲಿ’ ಚಿತ್ರದಿಂದ. ರಕ್ತಸಂಬಂಧದೊಳಗೇ ಮರಿ ಮಾಡಿಸುವ ದಂಧೆಯನ್ನು ಅದು ಲಕ್ಷಾಂತರ ಜನರ ಕಣ್ಣಿಗೆ ತಂದಿತು. ಆದರೆ ಚಿತ್ರದ ನಾಯಿಗೆ ಬರುವ ಕ್ಯಾನ್ಸರ್‌ನ ಕಾರಣಗಳು ನಿಜದಲ್ಲಿ ತೆರೆಯ ಮೇಲಿನಷ್ಟು ನೇರವಲ್ಲ. ಅವುಗಳನ್ನು ಬಿಡಿಸಲೆಂದೇ ಅಮೆರಿಕದಲ್ಲಿ 2012ರಿಂದ 3,044 ಗೋಲ್ಡನ್ ರಿಟ್ರೀವರ್‌ಗಳನ್ನು ಸೇರಿಸಿಕೊಂಡು ಜೀವನಪರ್ಯಂತ ಗಮನಿಸುವ ಅಧ್ಯಯನ ನಡೆದಿದೆ. ಕಾನೂನು ನಮ್ಮಲ್ಲೂ ಇದೆ. 2017ರ ಕೇಂದ್ರ ನಿಯಮಗಳ ಪ್ರಕಾರ ಬ್ರೀಡರ್ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು, ಹದಿನೆಂಟು ತಿಂಗಳಾಗದ ಹೆಣ್ಣನ್ನು ಕೂಡಿಸಬಾರದು, ಜೀವಮಾನದಲ್ಲಿ ಐದು ಸೂಲು ಮೀರಬಾರದು, ಎಂಟು ವಾರ ತುಂಬದ ಮರಿಯನ್ನು ಮಾರಬಾರದು. ಆದರೂ ಮರಿ ಕೊಳ್ಳಲು ಹೋದವರು ಕೇಳುವುದು ‘ಪೇಪರ್ ಇದೆಯಾ?’ ಎಂದು. ಪೇಪರ್ ಹೇಳುವುದು ವಂಶವನ್ನು. ತಾಯಿಯ ಸೊಂಟದ ಎಕ್ಸ್-ರೇ, ತಂದೆಯ ಕಣ್ಣಿನ ಪರೀಕ್ಷೆ ತೋರಿಸಿ ಎಂದು ಕೇಳುವವರು ಅಪರೂಪ.

ಹೀಗಿರುವಾಗ ನನ್ನ ಮನಸ್ಸು ಹರಿಯುವುದು ನಮ್ಮ ಮುಧೋಳ ನಾಯಿಯ ಕಡೆಗೆ. ಹೊಲದ ಬೇಟೆಯಲ್ಲಿ ಪಳಗಿದ, ಮೊಲದ ಹಿಂದೆ ಓಡಿಯೇ ತನ್ನ ಯೋಗ್ಯತೆ ತೋರಿಸಿದ ನಾಯಿ ಅದು. 2005ರಲ್ಲಿ ಅಂಚೆಚೀಟಿಯ ಮೇಲೆ ಬಂತು. 2020ರಲ್ಲಿ ಪ್ರಧಾನಿ ಬಾನುಲಿಯಲ್ಲಿ ಹೆಸರಿಸಿದರು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದ ನಾಯಿ ಸಂಶೋಧನಾ ಕೇಂದ್ರವಿದೆ. ಎತ್ತರ, ಬಣ್ಣ, ತಲೆಯ ಆಕಾರಗಳ ಅಳತೆ ಕಾಗದಕ್ಕೆ ಇಳಿಯುತ್ತಿದೆ. ಅಂದರೆ 1873ರಲ್ಲಿ ಲಂಡನ್ ನಿಂತಿದ್ದ ಹೊಸ್ತಿಲಲ್ಲಿ ನಾವಿದ್ದೇವೆ, ಅವರಿಗಿಲ್ಲದ ತಿಳಿವಳಿಕೆಯನ್ನು ಕೈಯಲ್ಲಿಟ್ಟುಕೊಂಡು. ಪಕ್ಕದ ತಮಿಳುನಾಡಿನ ರಾಜಪಾಳಯಂ ನಾಯಿಯಲ್ಲಿ ಹಾಲುಬಿಳುಪನ್ನೇ ಆರಿಸುತ್ತ ಹೋದುದರ ಜೊತೆಗೆ ಹುಟ್ಟುಕಿವುಡೂ ಬಂದಿದೆ. ಮುಧೋಳ ತಾಲ್ಲೂಕಿನ ಮನೆಗಳಲ್ಲಿ ಯಾವ ಹೆಣ್ಣು ಯಾವ ಗಂಡಿಗೆ ಕೂಡಿತು, ಯಾವ ಮರಿ ಎಳೆಯದರಲ್ಲೇ ಹೋಯಿತು, ಯಾವುದು ಹದಿಮೂರು ವರ್ಷ ಓಡಾಡಿಕೊಂಡಿತ್ತು ಎಂಬುದನ್ನು ನೆನಪಿನಲ್ಲಿಟ್ಟುಕೊಂಡ ಹಿರಿಯರನ್ನು ಮೊದಲು ಮಾತಾಡಿಸಬೇಕು. ಹೊಸ ಪುಸ್ತಕದಲ್ಲಿ ನಾಯಿಯ ಬಣ್ಣಕ್ಕಿಂತ ಮೇಲಿನ ಸಾಲಿನಲ್ಲಿ ಅದು ಎಷ್ಟು ವರ್ಷ ಬದುಕಿತು, ಯಾವುದರಿಂದ ಸತ್ತಿತು ಎಂದು ಬರೆಯಲು ಜಾಗ ಬಿಡಬೇಕು.