ಲೆಕ್ಕದ ತಾಳೆ

೨೦೨೪ನೆಯ ಏಪ್ರಿಲ್ ೧೮, ಗುರುವಾರ. ಸಿ.ಇ.ಟಿ.ಯ ಗಣಿತ ಪರೀಕ್ಷೆ ಮಧ್ಯಾಹ್ನ ಮೂರು ಐವತ್ತಕ್ಕೆ ಮುಗಿದಿತ್ತು. ನಾನು ಚಿಕ್ಕಮಗಳೂರಿನಲ್ಲಿ ಮೂಡಿಗೆರೆಯ ಮಾರ್ಗವಾಗಿ ಕಳಸಕ್ಕೆ ಹೋಗುವ ಬಸ್ಸು ಹತ್ತಿದಾಗ ಕುಳಿತವರಲ್ಲಿ ಮುಕ್ಕಾಲು ಪಾಲು ಪರೀಕ್ಷೆ ಬರೆದ ಮಕ್ಕಳೇ. ಬಸ್ಸು ಊರು ದಾಟುವುದರೊಳಗೆ ಪ್ರಶ್ನಪತ್ರಿಕೆಗಳು ಚೀಲಗಳಿಂದ ಹೊರಬಂದವು.

ನಮ್ಮ ಕಾಲದಲ್ಲಿ ತಾಳೆ ನೋಡುವುದು ಸುಲಭದ ಕೆಲಸವಾಗಿತ್ತು. ಎಲ್ಲರಿಗೂ ಒಂದೇ ಪತ್ರಿಕೆ. ಈಗ ನಕಲು ತಡೆಯಲೆಂದು ಪ್ರಶ್ನೆಗಳ ಕ್ರಮವನ್ನು ಬದಲಿಸಿ ಹಲವು ಬಗೆಯ ಪತ್ರಿಕೆಗಳನ್ನು ಹಂಚುತ್ತಾರೆ. "ನಿನ್ನ ಏಳನೆಯದು ನನಗೆ ನಲವತ್ಮೂರನೆಯದು ಮಾರಾಯ" ಎಂದು ಒಬ್ಬ ಹುಡುಕಿ ಕೊಡುವಷ್ಟರಲ್ಲಿ ಇನ್ನೊಬ್ಬನ ಸಹನೆ ತೀರಿರುತ್ತದೆ. ಅರವತ್ತು ಪ್ರಶ್ನೆ, ಎಂಬತ್ತು ನಿಮಿಷ, ಪ್ರಶ್ನೆಗೊಂದು ಅಂಕ; ತಪ್ಪಿದರೆ ಕಳೆಯುವುದಿಲ್ಲ. ಮರುದಿನ ಭೌತಶಾಸ್ತ್ರ, ರಸಾಯನಶಾಸ್ತ್ರಗಳಿದ್ದವು. ಬರೆದದ್ದನ್ನು ಮರೆತು ಮುಂದಿನದನ್ನು ಓದಿ ಎಂದು ಹಿರಿಯರು ಹೇಳುವುದುಂಟು. ಆ ಮಾತನ್ನು ಕೇಳಿದ ವಿದ್ಯಾರ್ಥಿಯನ್ನು ನಾನಿನ್ನೂ ಕಂಡಿಲ್ಲ, ನಾನೂ ಕೇಳಿದವನಲ್ಲ.

ಆದರೆ ಅಂದಿನ ಗದ್ದಲದಲ್ಲಿ ಎಂದಿಲ್ಲದ ಒಂದು ಮಾತು ಮತ್ತೆ ಮತ್ತೆ ಕೇಳಿಬಂತು: "ಇದು ನಮಗೆ ಪಾಠದಲ್ಲೇ ಇರಲಿಲ್ಲವಲ್ಲ?"

ಈ ಬೆಟ್ಟಸೀಮೆಯ ಮಕ್ಕಳ ಲೆಕ್ಕವನ್ನು ದೂರದಲ್ಲಿ ಕುಳಿತವರು ತೂಗುವುದು ಹೊಸತೇನಲ್ಲ. ೧೮೫೭ರಲ್ಲಿ ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ ವಿಶ್ವವಿದ್ಯಾನಿಲಯಗಳು ಹುಟ್ಟಿದಂದಿನಿಂದ ಪ್ರವೇಶ ಪರೀಕ್ಷೆಯೆಂಬುದು ನಮ್ಮ ನಾಡಿಗೆ ಬಂತು. ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಗುವವರೆಗೆ ಬೆಂಗಳೂರಿನ ಸೆಂಟ್ರಲ್ ಕಾಲೇಜೂ ಮೈಸೂರಿನ ಮಹಾರಾಜಾ ಕಾಲೇಜೂ ಮದರಾಸಿಗೆ ಸೇರಿದ್ದವು. ಆಗ ಕಡೂರು ಜಿಲ್ಲೆಯೆನಿಸಿಕೊಂಡಿದ್ದ ಈ ಪ್ರಾಂತದ ಹುಡುಗ ಕಾಲೇಜು ಓದಬೇಕೆಂದರೆ ಘಟ್ಟದ ಕಾಡಿನಿಂದ ಹೊರಟು, ಸಮುದ್ರತೀರದ ಊರೊಂದರ ಪರೀಕ್ಷಕರಿಗೆ ಉತ್ತರ ಹೇಳಬೇಕಾಗಿತ್ತು.

ಪರೀಕ್ಷಕರೂ ಕೆಲವು ಸಲ ಕರಗಿದ್ದಾರೆ. ೧೮೫೮ರಲ್ಲಿ ಕಲ್ಕತ್ತ ವಿಶ್ವವಿದ್ಯಾನಿಲಯದ ಮೊದಲ ಬಿ.ಎ. ಪರೀಕ್ಷೆಯಲ್ಲಿ ತೇರ್ಗಡೆಯಾದವರು ಇಬ್ಬರೇ, ಅದೂ ಕೃಪಾಂಕದ ಬಲದಿಂದ. ಅವರಲ್ಲೊಬ್ಬರು ಬಂಕಿಮಚಂದ್ರರು. ಕೃಪಾಂಕ ಪಡೆದವರನ್ನು ಕಂಡು ಮೂಗು ಮುರಿಯುವ ನನ್ನ ಸಹೋದ್ಯೋಗಿಗಳಿಗೆ ನಾನು ಆಗಾಗ ಈ ಸಂಗತಿಯನ್ನು ನೆನಪಿಸುತ್ತೇನೆ. ಕರಗದೆ ಹೋದದ್ದೂ ಉಂಟು: ಉಳಿದ ವಿಷಯಗಳಲ್ಲಿ ಸೋತನೆಂದು ಕುಂಭಕೋಣದ ಕಾಲೇಜಿನಲ್ಲಿ ವಿದ್ಯಾರ್ಥಿವೇತನ ಕಳೆದುಕೊಂಡ ಹುಡುಗ ಶ್ರೀನಿವಾಸ ರಾಮಾನುಜನ್.

ಕರಗುವ ಪ್ರಶ್ನೆಯೇ ಇಲ್ಲದ ಪರೀಕ್ಷಕನನ್ನು ಕೊಟ್ಟದ್ದು ಅಮೆರಿಕ. ಅಲ್ಲಿನ ಮಿಚಿಗನ್ ಪ್ರಾಂತದ ಶಾಲಾ ಉಪಾಧ್ಯಾಯ ರೆನಾಲ್ಡ್ ಜಾನ್ಸನ್ ಎಂಬಾತ, ಪೆನ್ಸಿಲಿನ ಗುರುತಿನ ಮೂಲಕ ವಿದ್ಯುತ್ತು ಹರಿಯುವುದೆಂಬುದನ್ನೇ ಹಿಡಿದು ಉತ್ತರ ತಿದ್ದುವ ಯಂತ್ರವೊಂದನ್ನು ಕಲ್ಪಿಸಿದ, ಐ.ಬಿ.ಎಂ. ಕಂಪೆನಿ ೧೯೩೦ರ ದಶಕದಲ್ಲಿ ಅದನ್ನು ಮಾರಾಟಕ್ಕೆ ತಂದಿತು. ಇಂದಿನ ಓ.ಎಂ.ಆರ್. ಹಾಳೆಯನ್ನು ಓದುವುದು ಬೆಳಕು, ಆದರೂ ವಂಶ ಒಂದೇ ಎನ್ನಬೇಕು. ಲೆಕ್ಕ ಮಾಡಿದ ಬಗೆ ಈ ಪರೀಕ್ಷಕನಿಗೆ ಬೇಡ. ಅರ್ಧ ದಾರಿ ಸರಿಯಾಗಿ ನಡೆದವನಿಗೆ ಅರ್ಧ ಅಂಕವೂ ಇಲ್ಲ. ಅದಕ್ಕೇ ಮಕ್ಕಳು ಬಸ್ಸಿನಲ್ಲಿ ಪರಸ್ಪರರಿಗೆ ಬಗೆಯನ್ನೂ ವಿವರಿಸುತ್ತಿದ್ದರೇನೋ. ಕೇಳುವವರು ಬೇರೆ ಯಾರಿದ್ದಾರೆ?

ಕನ್ನಡದಲ್ಲಿ ಗಣಿತ ಬರೆದವರಲ್ಲಿ ಮೊದಲಿಗನೆಂದು ಹೆಸರಾದ ರಾಜಾದಿತ್ಯನನ್ನು ಇಲ್ಲಿ ನೆನೆಯದೆ ಇರಲಾರೆ. ೧೨ನೆಯ ಶತಮಾನದವನು, ಹೊಯ್ಸಳ ವಿಷ್ಣುವರ್ಧನನ ಕಾಲದವನೆಂದು ವಿದ್ವಾಂಸರು ಎಣಿಸುತ್ತಾರೆ. ಹೊಯ್ಸಳರ ಮೂಲಸ್ಥಾನವೆನ್ನುವ ಸೊಸೆವೂರು, ಎಂದರೆ ಇಂದಿನ ಅಂಗಡಿ ಗ್ರಾಮ, ಮೂಡಿಗೆರೆ ತಾಲ್ಲೂಕಿನಲ್ಲೇ ಇದೆ. ತನ್ನ ಗ್ರಂಥಕ್ಕೆ ಅವನಿಟ್ಟ ಹೆಸರು 'ವ್ಯವಹಾರಗಣಿತ'. ಲೆಕ್ಕವೆಂಬುದು ಕೊಡುವ, ಕೊಳ್ಳುವ, ಅಳೆಯುವ ಜನದ ಬಳಕೆಗೆಂದು ತಿಳಿದಿದ್ದವನು. ಅವನನ್ನು ತರಗತಿಯಲ್ಲಿ ಹೆಸರಿಸಿದಾಗ ವಿಜ್ಞಾನದ ಮಕ್ಕಳು ನಗುತ್ತಾರೆ, ಪರೀಕ್ಷೆಗೆ ಬರುವುದಿಲ್ಲವೆಂದು.

ವಂತಿಗೆ ಶುಲ್ಕವನ್ನು ನಿಷೇಧಿಸುವ ಕಾಯಿದೆ ನಮ್ಮ ರಾಜ್ಯದಲ್ಲಿ ಬಂದದ್ದು ೧೯೮೪ರಲ್ಲಿ. ೧೯೯೨ರಲ್ಲಿ ಮೋಹಿನಿ ಜೈನ್ ಪ್ರಕರಣದಲ್ಲಿ, ೧೯೯೩ರಲ್ಲಿ ಉನ್ನಿಕೃಷ್ಣನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪುಗಳನ್ನಿತ್ತ ಮೇಲೆ ಖಾಸಗಿ ಕಾಲೇಜುಗಳ ಸೀಟುಗಳೂ ಸಿ.ಇ.ಟಿ.ಯ ಕೆಳಗೆ ಬಂದವು. ಹಣದ ಥೈಲಿಯಿಲ್ಲದೆ ತೋಟದ ಸಾಹುಕಾರನ ಮಗನ ಪಕ್ಕದಲ್ಲಿ ತೋಟದ ರೈಟರನ ಮಗಳೂ ಎಂಜಿನಿಯರಿಂಗ್ ತರಗತಿಯಲ್ಲಿ ಕೂರುವಂತಾದದ್ದು ಹೀಗೆ. ಈಗ ವೈದ್ಯ ಸೀಟುಗಳು ನೀಟ್ ಪರೀಕ್ಷೆಯ ಪಾಲಾಗಿವೆ. ಆದರೂ ಎಂಜಿನಿಯರಿಂಗ್, ಕೃಷಿ, ಮೂಡಿಗೆರೆಯಲ್ಲೇ ಕಾಲೇಜಿರುವ ತೋಟಗಾರಿಕೆ ಇವುಗಳಿಗೆಲ್ಲ ಇದೇ ಬಾಗಿಲು. ಆದ್ದರಿಂದ ಆ ಬಸ್ಸಿನ ಗದ್ದಲವನ್ನು ಮಕ್ಕಳಾಟವೆಂದು ನಾನು ತಳ್ಳಿಹಾಕಲಾರೆ. ಒಂದು ಅಂಕಕ್ಕೆ ನೂರಾರು ರ‍್ಯಾಂಕುಗಳು ಕೆಳಗೆ ಜಾರುವುದನ್ನು ಪ್ರತಿ ವರ್ಷವೂ ನೋಡುತ್ತಿದ್ದೇನೆ.

ಮೂಡಿಗೆರೆ ಹತ್ತಿರವಾಗುವಾಗ ನನ್ನ ಮುಂದಿನ ಆಸನದ ಹುಡುಗಿ, ಕಳಸದ ಕಡೆಯವಳು, ತಿರುಗಿ ಕುಳಿತು ಕೇಳಿದಳು: "ಸರ್, ಈ ಲೆಕ್ಕ ನಮ್ಮ ಪುಸ್ತಕದಲ್ಲಿಲ್ಲ. ಅಕ್ಕನ ಹಳೆಯ ಪುಸ್ತಕದಲ್ಲಿತ್ತು, ಅದನ್ನು ನೋಡಿದ್ದೆ. ನಾಲ್ಕೈದು ನಿಮಿಷ ಹಿಡಿಯಿತು. ಸರಿ ಇರಬಹುದಾ?" ನಾನು ಕನ್ನಡದ ಮೇಷ್ಟ್ರಮ್ಮ ಎಂದೆ. ಅವಳು ನಕ್ಕಳು, ಆದರೆ ಪತ್ರಿಕೆಯನ್ನು ಮಡಿಸಲಿಲ್ಲ. ನಾನು ಆ ಲೆಕ್ಕವನ್ನು ನನ್ನ ಡೈರಿಯಲ್ಲಿ ಬರೆದುಕೊಂಡು, ಅವಳ ತಂದೆಯ ದೂರವಾಣಿ ಸಂಖ್ಯೆಯನ್ನೂ ತೆಗೆದುಕೊಂಡೆ.

ಅಕ್ಕನ ಪುಸ್ತಕಕ್ಕೂ ತಂಗಿಯ ಪುಸ್ತಕಕ್ಕೂ ಈ ಅಂತರ ಬಂದದ್ದಕ್ಕೆ ಕಾರಣವಿದೆ. ಕೋವಿಡ್ ಕಾಲ ಕಳೆದ ಮೇಲೆ ಎನ್.ಸಿ.ಇ.ಆರ್.ಟಿ. ಪಠ್ಯಗಳನ್ನು ಮೊಟಕುಗೊಳಿಸಿತು; ಗಣಿತದಲ್ಲಿ ಎರಡು ವಕ್ರರೇಖೆಗಳ ನಡುವಣ ಕ್ಷೇತ್ರಫಲದಂಥ ಭಾಗಗಳು ಹೋದವು. ನಮ್ಮ ಪಿ.ಯು. ಪಠ್ಯವೂ ಕಿರಿದಾಯಿತು. ಪ್ರಶ್ನೆ ತೆಗೆದವರ ಮೇಜಿನ ಮೇಲೆ ಮಾತ್ರ ಕೈಬಿಟ್ಟ ಭಾಗಗಳೂ ಇದ್ದವು. ರಾಜ್ಯದ ಉದ್ದಗಲಕ್ಕೂ ಕೂಗೆದ್ದಿತು. ತಜ್ಞರ ಸಮಿತಿ ಕುಳಿತು, ಏಪ್ರಿಲ್ ಮುಗಿಯುವುದರೊಳಗೆ ತೀರ್ಮಾನ ಹೊರಬಿತ್ತು: ನಾಲ್ಕು ವಿಷಯಗಳ ೨೪೦ ಪ್ರಶ್ನೆಗಳಲ್ಲಿ ೫೦ನ್ನು ಬಿಟ್ಟು ಉಳಿದ ೧೯೦ಕ್ಕೆ ಮೌಲ್ಯಮಾಪನ. ಗಣಿತದಲ್ಲಿ ಬಿಟ್ಟವು ೧೫.

ಮರುಪರೀಕ್ಷೆ ಮಾಡಿ ಲಕ್ಷಾಂತರ ಮಕ್ಕಳನ್ನು ಮತ್ತೆ ಬಸ್ಸು ಹತ್ತಿಸುವುದಕ್ಕಿಂತ ಇದು ಮೇಲೆಂದು ನನಗೂ ಅನಿಸಿತು. ಆದರೆ ಪ್ರಶ್ನೆಯನ್ನು ಕಳೆದಂತೆ ನಿಮಿಷವನ್ನು ಕಳೆಯಲು ಬರುವುದಿಲ್ಲ. ಕಂಡ ಕೂಡಲೇ "ಇದು ನಮಗಿಲ್ಲ" ಎಂದು ಮುಂದೆ ಹೋದವನಿಗೆ ನಷ್ಟವಿಲ್ಲ. ಅಲ್ಲೇ ನಿಂತು ಹೆಣಗಿದವಳು ಕೊನೆಯ ಏಳೆಂಟು ಪ್ರಶ್ನೆಗಳಿಗೆ ಕಣ್ಣು ಮುಚ್ಚಿ ವೃತ್ತ ತುಂಬಿರಬಹುದು. ಆ ಎಂಟು ಲೆಕ್ಕಕ್ಕಿವೆ, ಹೆಣಗಿದ್ದು ಲೆಕ್ಕಕ್ಕಿಲ್ಲ.

ಮೇ ತಿಂಗಳಲ್ಲಿ ನಮ್ಮ ಗಣಿತದ ಅಧ್ಯಾಪಕರೊಬ್ಬರ ಮುಂದೆ ಡೈರಿಯನ್ನಿಟ್ಟೆ. ಅವರು ಕಾಗದದ ಅಂಚಿನಲ್ಲೇ ಬಿಡಿಸಿ, "ಉತ್ತರ ಸರಿ. ಆದರೆ ಇದು ಬಿಟ್ಟ ಹದಿನೈದರಲ್ಲಿ ಒಂದಲ್ಲವೇ, ಇನ್ನು ಯಾಕೆ?" ಎಂದರು. ಸಂಜೆ ಕಳಸಕ್ಕೆ ಫೋನು ಮಾಡಿದೆ. ತಂದೆ ಎತ್ತಿದರು, ಮಳೆ ಹಿಡಿದಿದೆ, ಸರಿಯಾಗಿ ಕೇಳುತ್ತಿಲ್ಲ ಎಂದರು. ಮಗಳನ್ನು ಕರೆದರು. "ಉತ್ತರ ಸರಿ ಇತ್ತಮ್ಮ" ಎಂದು ಎರಡು ಸಲ ಕೂಗಿ ಹೇಳಬೇಕಾಯಿತು.