ಮೌಲ್ಯ ಎಂಜಿನಿಯರಿಂಗ್ (ನಿರ್ಮಾಣ ಖರೀದಿಯಲ್ಲಿ)

ಕಾಮಗಾರಿಯ ಪ್ರತಿಯೊಂದು ಭಾಗ ಯಾವ ಕೆಲಸಕ್ಕೆ ಬೇಕೆಂಬುದನ್ನು ಮೊದಲು ಗೊತ್ತುಮಾಡಿಕೊಂಡು, ಗುಣಮಟ್ಟ ಕೆಡದಂತೆ ಆ ಕೆಲಸವನ್ನು ಒಟ್ಟಾರೆ ಕಡಿಮೆ ವೆಚ್ಚದಲ್ಲಿ ನೆರವೇರಿಸುವ ವಸ್ತು, ವಿನ್ಯಾಸ ಅಥವಾ ವಿಧಾನವನ್ನು ಹುಡುಕುವ ಶಾಸ್ತ್ರ. ಖರೀದಿ ಬೆಲೆಯೊಂದಿಗೆ ಸಾಗಣೆ, ನಿರ್ವಹಣೆ, ಬಾಳಿಕೆಗಳೂ ಇದರಲ್ಲಿ ಲೆಕ್ಕಕ್ಕೆ ಬರುತ್ತವೆ. ಕಳಪೆ ಮಾಲು ಬಳಸಿ ಹಣ ಉಳಿಸುವುದು ಮೌಲ್ಯ ಎಂಜಿನಿಯರಿಂಗ್ ಅಲ್ಲ.

ಹುಟ್ಟು

ಈ ಶಾಸ್ತ್ರ ಹುಟ್ಟಿದ್ದು ಖರೀದಿ ವಿಭಾಗದಲ್ಲಿ. ಎರಡನೆಯ ಮಹಾಯುದ್ಧ ಕಾಲದ ಅಭಾವದಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ ಬದಲಿ ವಸ್ತುಗಳನ್ನು ಹುಡುಕಬೇಕಾಯಿತು; ಹಲವು ಬದಲಿಗಳು ಮೂಲ ವಸ್ತುವಿಗಿಂತ ಅಗ್ಗವೂ ಉತ್ತಮವೂ ಆಗಿದ್ದವು. ಅಲ್ಲಿನ ಖರೀದಿ ವಿಭಾಗದ ಎಂಜಿನಿಯರ್ ಲಾರೆನ್ಸ್ ಡಿ. ಮೈಲ್ಸ್ ಈ ಅನುಭವವನ್ನು 1947ರಲ್ಲಿ ‘ಮೌಲ್ಯ ವಿಶ್ಲೇಷಣೆ’ ಎಂಬ ಕ್ರಮಬದ್ಧ ವಿಧಾನವಾಗಿ ರೂಪಿಸಿದರು. 1954ರಲ್ಲಿ ಅಮೆರಿಕದ ನೌಕಾಪಡೆಯ ಹಡಗು ವಿಭಾಗ ಇದನ್ನು ‘ಮೌಲ್ಯ ಎಂಜಿನಿಯರಿಂಗ್’ ಹೆಸರಿನಲ್ಲಿ ಅಳವಡಿಸಿಕೊಂಡಿತು. 1959ರಲ್ಲಿ ಅಮೆರಿಕದಲ್ಲಿ ಈ ಶಾಸ್ತ್ರದ ವೃತ್ತಿಪರರ ಸಂಘ ಸ್ಥಾಪನೆಯಾಯಿತು. ಈ ವಿಷಯದ ಮೇಲೆ ಮೈಲ್ಸ್ ಅವರ ಗ್ರಂಥ ಹೊರಬಂದದ್ದು 1961ರಲ್ಲಿ.

ನಿರ್ಮಾಣ ಕ್ಷೇತ್ರಕ್ಕೆ

1960ರ ದಶಕದಲ್ಲಿ ಅಮೆರಿಕದ ನೌಕಾಪಡೆ ಮತ್ತು ಸೇನೆಯ ನಿರ್ಮಾಣ ವಿಭಾಗಗಳು ಈ ವಿಧಾನವನ್ನು ಕಟ್ಟಡ ಕೆಲಸಕ್ಕೆ ತಂದವು. ಅದನ್ನು ಅಲ್ಲಿ ಬೇರೂರಿಸಿದವರಲ್ಲಿ ಆಲ್ಫೋನ್ಸ್ ಡೆಲ್‌ಇಸೋಲಾ ಪ್ರಮುಖರು. ಗುತ್ತಿಗೆದಾರನೇ ಅಗ್ಗದ ಪರ್ಯಾಯ ಸೂಚಿಸಿದರೆ ಉಳಿತಾಯದಲ್ಲಿ ಅವನಿಗೂ ಪಾಲು ಕೊಡುವ ಷರತ್ತು ಕರಾರುಗಳಲ್ಲಿ ಸೇರಿತು. ಅಂತರರಾಷ್ಟ್ರೀಯ ಸಲಹಾ ಎಂಜಿನಿಯರುಗಳ ಒಕ್ಕೂಟ ಫಿಡಿಕ್‌ನ 1999ರ ‘ಕೆಂಪು ಪುಸ್ತಕ’ ಎಂಬ ಮಾದರಿ ಕರಾರಿನ 13.2ನೇ ಕಲಮು ಇದಕ್ಕೆ ಮೀಸಲಾಗಿದೆ.

ಖರೀದಿ ಯೋಜನೆಯಲ್ಲಿ

ಮಾಹಿತಿ ಸಂಗ್ರಹ, ಕಾರ್ಯ ವಿಶ್ಲೇಷಣೆ, ಪರ್ಯಾಯಗಳ ಹುಡುಕಾಟ, ಮೌಲ್ಯಮಾಪನ, ಅಭಿವೃದ್ಧಿ, ಮಂಡನೆ ಎಂಬ ಆರು ಹಂತಗಳಲ್ಲಿ ಅಧ್ಯಯನ ನಡೆಯುತ್ತದೆ. ವಿನ್ಯಾಸಕಾರ, ಅಂದಾಜುಗಾರ, ಖರೀದಿ ಅಧಿಕಾರಿ ಒಟ್ಟಿಗೆ ಕೂರುತ್ತಾರೆ. ಯಾವ ಮಾಲು ತಡವಾಗಿ ಬರುತ್ತದೆ, ಯಾವುದನ್ನು ಸ್ಥಳೀಯವಾಗಿ ಕೊಳ್ಳಬಹುದು, ಯಾವ ಟೆಂಡರುಗಳನ್ನು ಒಗ್ಗೂಡಿಸಬಹುದು ಎಂಬುದು ಆಗಲೇ ತೀರ್ಮಾನವಾಗುತ್ತದೆ. ಆರ್ಡರ್ ಹೊರಟ ಮೇಲೆ ಬದಲಾವಣೆಯ ಖರ್ಚು ಉಳಿತಾಯವನ್ನೇ ನುಂಗಬಹುದು.

ಭಾರತದಲ್ಲಿ

ಹೆಸರು ಬರುವ ಮೊದಲೇ ಇಂಥ ವಿಚಾರ ನಮ್ಮಲ್ಲಿತ್ತು. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಗೆ ದುಬಾರಿ ಸಿಮೆಂಟಿನ ಬದಲು ಸುಣ್ಣ ಮತ್ತು ಸುಟ್ಟ ಇಟ್ಟಿಗೆಯ ಪುಡಿ ಬೆರೆಸಿದ ಸುರ್ಕಿ ಗಾರೆಯನ್ನು ಬಳಸಲಾಯಿತು. ಭಾರತೀಯ ಮೌಲ್ಯ ಎಂಜಿನಿಯರಿಂಗ್ ಸೊಸೈಟಿ 1977ರಲ್ಲಿ ಸ್ಥಾಪನೆಯಾಯಿತು.

ನಾಗಪುರದ ನಿದರ್ಶನ

ನಾಗಪುರದ ಗಾಂಧಿಬಾಗ್ ಸಗಟು ಬಟ್ಟೆ ವ್ಯಾಪಾರದ ದಟ್ಟ ಪೇಟೆ. ಅದರ ಬಳಿಯ ಸೆಂಟ್ರಲ್ ಅವೆನ್ಯೂ ಮೇಲೆ ಅಗ್ರಸೇನ್ ಚೌಕ, ಚಿತಾರ್ ಓಳಿ ನಿಲ್ದಾಣಗಳಿರುವ ಮೆಟ್ರೊ ಮಾರ್ಗ 2022ರ ಡಿಸೆಂಬರ್ 11ರಂದು ಉದ್ಘಾಟನೆಯಾಯಿತು. ಇಂಥ ಬೀದಿಯಲ್ಲಿ ಮಾಲು ಪೇರಿಸಿಡಲು ಜಾಗವಿರುವುದಿಲ್ಲ. ಯಾರ್ಡಿನಲ್ಲಿ ಎರಕಹೊಯ್ದ ಕಾಂಕ್ರೀಟ್ ಭಾಗಗಳನ್ನು ತಂದು ಜೋಡಿಸುವುದು ಅನುಕೂಲ. ನಕ್ಷೆಯನ್ನು ಕಾಲ ಮತ್ತು ವೆಚ್ಚದೊಂದಿಗೆ ಬೆಸೆಯುವ ‘5ಡಿ ಬಿಮ್’ ತಂತ್ರಾಂಶವನ್ನು ನಾಗಪುರ ಮೆಟ್ರೊ ನಿರ್ಮಿಸಿದ ಸಂಸ್ಥೆ ಮಹಾ ಮೆಟ್ರೊ ಬಳಸಿತು. ಇದರಿಂದ ಎಷ್ಟು ಮಾಲು ಯಾವಾಗ ಬೇಕೆಂದು ಮುಂಚೆಯೇ ತಿಳಿಯುತ್ತದೆ. ವಾರ್ಧಾ ರಸ್ತೆಯಲ್ಲಿ 3.14 ಕಿ.ಮೀ. ಉದ್ದಕ್ಕೆ ಮೇಲ್ಸೇತುವೆಯನ್ನೂ ಮೆಟ್ರೊವನ್ನೂ ಒಂದೇ ಕಂಬಗಳು ಹೊರುತ್ತವೆ. ಒಂದು ರಚನೆಯಿಂದ ಎರಡು ಕಾರ್ಯ ಎಂಬ ತತ್ತ್ವಕ್ಕೆ ಇದು ಎದ್ದುಕಾಣುವ ಉದಾಹರಣೆ.

ಮಿತಿ

ಸರ್ಕಾರಿ ಕಾಮಗಾರಿಗಳಲ್ಲಿ ಸಾಮಾನ್ಯವಾಗಿ ಕಡಿಮೆ ದರ ನಮೂದಿಸಿದವರಿಗೇ ಗುತ್ತಿಗೆ ಸಿಗುತ್ತದೆ. ಮಾಲಿನ ವಿವರ ಟೆಂಡರಿನಲ್ಲಿ ಒಮ್ಮೆ ನಿಗದಿಯಾದ ಬಳಿಕ ಪರ್ಯಾಯ ಸೂಚಿಸಲು ಅವಕಾಶ ಕಡಿಮೆ. ಆದ್ದರಿಂದ ಮೌಲ್ಯ ಎಂಜಿನಿಯರಿಂಗ್ ಹೆಚ್ಚು ಫಲ ಕೊಡುವುದು ಟೆಂಡರ್ ಕರೆಯುವುದಕ್ಕೆ ಮೊದಲು, ಖರೀದಿ ಪಟ್ಟಿ ಸಿದ್ಧವಾಗುವ ಹಂತದಲ್ಲಿ.