ಪವಿತ್ರ ಯೋಧ: ಯುದ್ಧಭೂಮಿಯಿಂದ ಆಟದ ಮೇಜಿಗೆ

1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟವನ್ನು ಹೊರತಂದರು. ನಾಲ್ಕೈದು ಜನ ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ, ದಾಳ ಉರುಳಿಸುತ್ತ ಬಾಯಿಮಾತಿನಲ್ಲೇ ಕಥೆ ಕಟ್ಟುವ ಆಟವಿದು. ಮರುವರ್ಷ ಅದಕ್ಕೆ 'ಪ್ಯಾಲಡಿನ್' ಎಂಬ ಪಾತ್ರ ಸೇರಿಕೊಂಡಿತು. ಪ್ಯಾಲಡಿನ್ ಎಂದರೆ ಪವಿತ್ರ ಯೋಧ. ಅವನು ರೋಗಿಯನ್ನು ಮುಟ್ಟಿ ಗುಣಪಡಿಸಬಲ್ಲ. 1978ರ ನಿಯಮಗಳ ಪ್ರಕಾರ ಅವನು ಗಳಿಸಿದ್ದರಲ್ಲಿ ಹತ್ತನೇ ಒಂದು ಪಾಲನ್ನು ದಾನ ಮಾಡಬೇಕು, ಸಂಪತ್ತು ಕೂಡಿಡಬಾರದು. ತಿಳಿದೂ ತಿಳಿದೂ ಒಂದೇ ಒಂದು ಕೆಡುಕು ಮಾಡಿದರೂ ಅವನ ದಿವ್ಯಶಕ್ತಿ ಶಾಶ್ವತವಾಗಿ ಹೋಗುತ್ತದೆ. ಇಷ್ಟು ಕಟ್ಟುನಿಟ್ಟಿಗೆ ಪ್ರತಿಯಾಗಿ ಅವನಿಗೊಂದು ವಿಶೇಷ ವರವಿದೆ. 60 ಅಡಿ ದೂರದಲ್ಲಿರುವ ಕೆಡುಕನ್ನು ಅವನು ಗುರುತಿಸಬಲ್ಲ.

ಮಕ್ಕಳಾಟಕ್ಕೆ ಇಷ್ಟೊಂದು ಮಹತ್ವ ಏಕೆ ಎಂದು ಓದುಗರು ಕೇಳಬಹುದು. ಈ ಆಟ ಆಡುವವರಲ್ಲಿ ವಯಸ್ಕರೇ ಬಹಳ. ಅವರನ್ನು ದಶಕಗಳಿಂದ ಕಾಡಿದ ಪ್ರಶ್ನೆಯೊಂದಿದೆ. ಆಟದಲ್ಲಿ 'ಆರ್ಕ್' ಎಂಬ ಕುರೂಪಿ ಜನಾಂಗವಿದೆ. ಅವರು ಕೆಟ್ಟವರೆಂದು ನಿಯಮಪುಸ್ತಕವೇ ಸಾರಿತ್ತು. ಪವಿತ್ರ ಯೋಧ ಅವರ ಗುಹೆಗೆ ನುಗ್ಗಿ ಗಂಡಸರನ್ನೆಲ್ಲ ಕೊಂದ ಮೇಲೆ ಮೂಲೆಯಲ್ಲಿ ಆರ್ಕ್ ಮಕ್ಕಳು ಸಿಗುತ್ತವೆ. ಈಗವನು ಏನು ಮಾಡಬೇಕು? 2005ರಲ್ಲಿ ಅಭಿಮಾನಿಗಳ ಪ್ರಶ್ನೆಗಳಿಗೆ ಉತ್ತರಿಸುತ್ತ ಗೈಗ್ಯಾಕ್ಸ್ ಕೊಲ್ಲುವುದರಲ್ಲಿ ತಪ್ಪಿಲ್ಲವೆಂದರು. ಸೀರು ನಾಳೆ ಹೇನಾಗುತ್ತದೆ ಎಂಬ ಹಳೆಯ ಮಾತನ್ನು ಅದಕ್ಕೆ ಆಧಾರವಾಗಿ ತಂದರು. ಶರಣಾಗಿ ಕೆಡುಕನ್ನು ತೊರೆದ ಸೆರೆಯಾಳನ್ನು ಸಹ, ಅವನು ಮತ್ತೆ ದಾರಿ ತಪ್ಪುವ ಮೊದಲೇ ಕೊಲ್ಲಬಹುದೆಂಬುದು ಅವರ ವಾದ.

ಆ ಹೇನಿನ ಮಾತು ಆಟದ್ದಲ್ಲ. ಅಮೆರಿಕದ ಸೇನಾಧಿಕಾರಿ ಕರ್ನಲ್ ಜಾನ್ ಚಿವಿಂಗ್ಟನ್‌ನ ಹೆಸರಿನೊಂದಿಗೆ ಅದು ಅಂಟಿಕೊಂಡಿದೆ. ಅವನ ಪಡೆ 1864ರ ನವೆಂಬರ್ 29ರಂದು ಕೊಲರಾಡೊದ ಸ್ಯಾಂಡ್ ಕ್ರೀಕ್ ಎಂಬಲ್ಲಿ ಶೈಯೆನ್ ಮತ್ತು ಅರಪಾಹೊ ಮೂಲನಿವಾಸಿಗಳ ಬೀಡಿಗೆ ನುಗ್ಗಿ 150ಕ್ಕೂ ಹೆಚ್ಚು ಜನರನ್ನು ಕೊಂದಿತು. ಸತ್ತವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ಚಿವಿಂಗ್ಟನ್ ಸೈನ್ಯ ಸೇರುವ ಮೊದಲು ಮೆಥಡಿಸ್ಟ್ ಪಂಥದ ಪಾದ್ರಿಯಾಗಿದ್ದ. ಪವಿತ್ರ ಯೋಧನ ಪ್ರಶ್ನೆ ಬರೀ ದಾಳದಾಟದ್ದಲ್ಲವೆಂದು ಇದರಿಂದಲೇ ತಿಳಿಯುತ್ತದೆ.

ಅವನ ವಂಶಾವಳಿಯನ್ನು ಹುಡುಕುತ್ತ ಹೋದರೆ ನಾವು ಮಧ್ಯಯುಗದ ಯುರೋಪಿಗೆ ಬಂದು ನಿಲ್ಲುತ್ತೇವೆ. ಪ್ಯಾಲಡಿನ್ ಪದದ ಮೂಲ ಲ್ಯಾಟಿನ್, ಅರ್ಥ 'ಅರಮನೆಯವನು'. ಫ್ರಾಂಕರ ದೊರೆ ಶಾರ್ಲಮೇನ್‌ನ ಹನ್ನೆರಡು ಮಂದಿ ವೀರರಿಗೆ ಕಾವ್ಯಗಳು ಕೊಟ್ಟ ಹೆಸರದು. ಅವರಲ್ಲಿ ರೋಲಾಂಡ್ ಪ್ರಸಿದ್ಧ. ಇತಿಹಾಸ ಹೇಳುವುದಿಷ್ಟು. 777ರಲ್ಲಿ ಸ್ಪೇನಿನ ಮುಸ್ಲಿಮ್ ಅಧಿಕಾರಿ ಸುಲೈಮಾನ್ ಇಬ್ನ್ ಅಲ್ ಅರಬಿ, ತನ್ನ ಅಮೀರನ ವಿರುದ್ಧ ನೆರವು ಕೋರಿ ಶಾರ್ಲಮೇನ್‌ನ ಬಳಿ ಹೋದ. ಮರುವರ್ಷ ಶಾರ್ಲಮೇನ್ ದಂಡೆತ್ತಿ ಬಂದ. ಆದರೆ ಸರಗೋಸಾ ನಗರ ಬಾಗಿಲು ತೆರೆಯಲಿಲ್ಲ. ಹಿಂದಿರುಗುವ ದಾರಿಯಲ್ಲಿ ಪೈರನೀಸ್ ಬೆಟ್ಟಗಳ ಕಣಿವೆಯಲ್ಲಿ ಅವನ ಹಿಂಬದಿಯ ಪಡೆಯನ್ನು ಬಾಸ್ಕ್ ಜನ ನಾಶ ಮಾಡಿದರು. ರೋಲಾಂಡ್ ಸತ್ತದ್ದು ಅಲ್ಲಿ. ಬಾಸ್ಕರು ಮುಸ್ಲಿಮರಲ್ಲ.

ಮುನ್ನೂರು ವರ್ಷಗಳ ನಂತರ, ಶಿಲುಬೆ ಯುದ್ಧಗಳ ಹೊತ್ತಿಗೆ ರೂಪುಗೊಂಡ 'ರೋಲಾಂಡನ ಗೀತೆ'ಯಲ್ಲಿ ಬಾಸ್ಕರೇ ಮಾಯವಾದರು. ಅವರ ಜಾಗಕ್ಕೆ ಲಕ್ಷಾಂತರ ಮುಸ್ಲಿಮರು ಬಂದರು. ಏಕದೇವನನ್ನಷ್ಟೇ ಆರಾಧಿಸುವ ಈ ಜನ ಕಾವ್ಯದಲ್ಲಿ ಮೂರು ವಿಗ್ರಹಗಳನ್ನು ಪೂಜಿಸುತ್ತಾರೆ! ಕೊನೆಗೆ ಸರಗೋಸಾ ಬೀಳುತ್ತದೆ. ಮಸೀದಿಗಳ ಜೊತೆಗೆ ಯಹೂದಿಗಳ ಪ್ರಾರ್ಥನಾ ಮಂದಿರಗಳೂ ಒಡೆಯುತ್ತವೆ. ದೀಕ್ಷೆ ಒಲ್ಲದವರಿಗೆ ಸಾವು. ಅದೇ ಶಾರ್ಲಮೇನ್‌ಗೆ ಬಗ್ದಾದಿನ ಖಲೀಫ ಹಾರೂನ್ ಅಲ್ ರಶೀದ್ ಅಬುಲ್ ಅಬ್ಬಾಸ್ ಎಂಬ ಆನೆಯನ್ನು ಉಡುಗೊರೆ ಕಳಿಸಿದ್ದ. 802ರಲ್ಲಿ ಅದು ಆಖೆನ್ ನಗರ ತಲುಪಿತು. ಹಾಡು ಕಟ್ಟಿದವರಿಗೆ ಆನೆ ಬೇಕಿರಲಿಲ್ಲ, ಶತ್ರು ಬೇಕಿದ್ದ.

ಹಾಡಿಗೆ ಬೇಕಾದ ತರ್ಕವನ್ನು ಕ್ಲೇರ್ವೋದ ಸಂತ ಬರ್ನಾರ್ಡ್ ಒದಗಿಸಿದರು. 1119ರ ಸುಮಾರಿಗೆ ಜೆರುಸಲೇಮಿನಲ್ಲಿ ಟೆಂಪ್ಲರ್ ಎಂಬ ಸನ್ಯಾಸಿ ಯೋಧರ ಸಂಘ ಹುಟ್ಟಿತ್ತು. ಸನ್ಯಾಸಿ ಕತ್ತಿ ಹಿಡಿಯುವುದು ಹೇಗೆಂಬ ಶಂಕೆಗೆ ಬರ್ನಾರ್ಡರ ಉತ್ತರ ಹೀಗಿತ್ತು: ಇಂಥ ಯೋಧ ಕೊಲ್ಲುವುದು ಮನುಷ್ಯನನ್ನಲ್ಲ, ಕೆಡುಕನ್ನು. ಎದುರಿಗಿರುವವನು ಮನುಷ್ಯನಲ್ಲ, ಕೆಡುಕಿನ ಮೊತ್ತ ಎಂದಾದರೆ ಪಾಪಪ್ರಜ್ಞೆಗೆ ಜಾಗವೆಲ್ಲಿ? ಆಟದ ಯೋಧನಿಗಿರುವ 60 ಅಡಿಯ ದೃಷ್ಟಿಯ ಬೇರು ಇಲ್ಲಿದೆ ಎಂದು ನಮಗನ್ನಿಸುತ್ತದೆ.

ಬದುಕು ಈ ತರ್ಕವನ್ನು ಆಗಾಗ ಮೀರುತ್ತಿತ್ತು. ಸಿರಿಯಾದ ಸರದಾರ, ಕವಿ ಉಸಾಮ ಇಬ್ನ್ ಮುನ್ಕಿಝ್ (1095-1188) ತನ್ನ ಆತ್ಮಕಥನದಲ್ಲಿ ಟೆಂಪ್ಲರರನ್ನು ಗೆಳೆಯರೆಂದೇ ಕರೆಯುತ್ತಾನೆ. ಅಲ್ ಅಕ್ಸಾದ ಬದಿಯ ಚಿಕ್ಕ ಮಸೀದಿಯಲ್ಲಿ ನಮಾಝ್ ಮಾಡಲು ಅವರು ಅವನಿಗೆ ಜಾಗ ಬಿಡುತ್ತಿದ್ದರು. ಒಮ್ಮೆ ಯುರೋಪಿನಿಂದ ಹೊಸದಾಗಿ ಬಂದವನೊಬ್ಬ ಅವನನ್ನು ಹಿಡಿದು ಮುಖವನ್ನು ಪೂರ್ವಕ್ಕೆ ತಿರುಗಿಸಿದ. ಟೆಂಪ್ಲರರೇ ಅವನನ್ನು ಹೊರಗಟ್ಟಿ ಉಸಾಮನ ಕ್ಷಮೆ ಕೇಳಿದರು. ನೆರೆಯವನನ್ನು ಕಂಡು ಬಲ್ಲವರಿಗೂ ಹಾಡಷ್ಟೇ ಕೇಳಿ ಬಂದವನಿಗೂ ಇದ್ದ ವ್ಯತ್ಯಾಸವಿದು.

ಆ ಕೆಡುಕಿನ ಕಣ್ಣು ಕೊನೆಗೆ ಟೆಂಪ್ಲರರ ಮೇಲೂ ತಿರುಗಿತು. ಅವರಿಂದ ಸಾಲ ಪಡೆದಿದ್ದ ಫ್ರಾನ್ಸಿನ ದೊರೆ ನಾಲ್ಕನೇ ಫಿಲಿಪ್ 1307ರ ಅಕ್ಟೋಬರ್ 13ರಂದು ಅವರನ್ನು ಸೆರೆಹಿಡಿಸಿ, ಧರ್ಮದ್ರೋಹದ, ವಿಗ್ರಹಪೂಜೆಯ ಆರೋಪ ಹೊರಿಸಿದ. ಮುಸ್ಲಿಮರ ಮೇಲೆ ಕಾವ್ಯ ಹೊರಿಸಿದ್ದ ಸುಳ್ಳೇ ಈಗ ಅವರ ಕೊರಳಿಗೆ ಬಿತ್ತು. 1314ರಲ್ಲಿ ಅವರ ನಾಯಕ ಜಾಕ್ ದ ಮೊಲೆಯನ್ನು ಸುಟ್ಟು ಕೊಂದರು.

ಇಷ್ಟಕ್ಕೇ ನಿಲ್ಲಿಸಿದರೆ ನಮ್ಮ ಬರಹವೂ ಇನ್ನೊಂದು ರೋಲಾಂಡನ ಗೀತೆಯಾದೀತು. 1187ರಲ್ಲಿ ಜೆರುಸಲೇಮ್ ಗೆದ್ದ ಸಲಾಹುದ್ದೀನ್, 1099ರಲ್ಲಿ ಶಿಲುಬೆ ಯೋಧರು ನಡೆಸಿದಂಥ ಕಗ್ಗೊಲೆ ನಡೆಸಲಿಲ್ಲ. ಹಣ ತೆತ್ತವರನ್ನು ಹೊರಹೋಗಲು ಬಿಟ್ಟ. ಇದನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ತೆರಲಾಗದ ಬಡವರು ಗುಲಾಮರಾದದ್ದನ್ನೂ, ಅದೇ ವರ್ಷ ಹಿತ್ತೀನ್ ಕದನದ ನಂತರ ಸೆರೆಸಿಕ್ಕ ಟೆಂಪ್ಲರರನ್ನು ಅವನ ಎದುರೇ ಕೊಂದದ್ದನ್ನೂ ಹೇಳುವುದಿಲ್ಲ. ಉರ್ದು ಓದಿದ ನಮಗೆ 'ದಾಸ್ತಾನೆ ಅಮೀರ್ ಹಂಝ' ಪ್ರಿಯವಾದದ್ದು. ಲಕ್ನೋದ ನವಲ್ ಕಿಶೋರ್ ಮುದ್ರಣಾಲಯ ಅದನ್ನು 46 ಸಂಪುಟಗಳಲ್ಲಿ ಹೊರತಂದಿತ್ತು. ಅಮರ್ ಅಯ್ಯಾರನ ತಂತ್ರಗಳಿಗೆ ನಗುತ್ತ ಓದುವಾಗ, ಸೋತ ದೊರೆ ಕಲಿಮಾ ಹೇಳಿದರೆ ಬಂಧು, ಹೇಳದಿದ್ದರೆ ತಲೆದಂಡ ಎಂಬುದು ನಮ್ಮನ್ನು ಚುಚ್ಚುವುದಿಲ್ಲ. 625ರಲ್ಲಿ ಉಹುದ್ ಕದನದಲ್ಲಿ ಹುತಾತ್ಮರಾದ ಹಂಝರಿಗೂ ಈ ಕಥಾನಾಯಕನಿಗೂ ಇರುವ ನಂಟು, ಕಣಿವೆಯಲ್ಲಿ ಸತ್ತ ರೋಲಾಂಡನಿಗೂ ಗೀತೆಯ ರೋಲಾಂಡನಿಗೂ ಇರುವಷ್ಟೇ.

ಹದೀಸ್ ಸಂಗ್ರಹಗಳಲ್ಲಿ ಒಂದು ಘಟನೆಯಿದೆ. ಉಸಾಮ ಬಿನ್ ಝೈದ್ ಯುದ್ಧವೊಂದರಲ್ಲಿ ಎದುರಾಳಿಯ ಮೇಲೆ ಕೈಯೆತ್ತಿದಾಗ ಅವನು ಕಲಿಮಾ ಉಚ್ಚರಿಸಿದ. ಪ್ರಾಣಭಯದಿಂದ ಹೇಳಿದನೆಂದು ಉಸಾಮ ಅವನನ್ನು ಕೊಂದುಬಿಟ್ಟರು. ಸುದ್ದಿ ತಿಳಿದ ಪ್ರವಾದಿ ಮುಹಮ್ಮದ್(ಸ) ತೀವ್ರವಾಗಿ ನೊಂದು, ಅವನ ಎದೆ ಸೀಳಿ ಒಳಗಿದ್ದದ್ದನ್ನು ನೋಡಿದೆಯಾ ಎಂದು ಕೇಳಿದರು. ಆ ದಿನಕ್ಕೆ ಮೊದಲು ತಾನು ಮುಸ್ಲಿಮನೇ ಆಗಿರದಿದ್ದರೆ ಚೆನ್ನಿತ್ತು ಎಂದು ಉಸಾಮ ಹಲುಬಿದರಂತೆ. ಎದೆಯೊಳಗಿನದನ್ನು ಕಾಣುವ ವರ ಯೋಧನಿಗೆ ಇಲ್ಲ ಎಂಬುದು ಇದರ ಪಾಠ.

ಆಟ ಕಟ್ಟುವವರೂ ತಡವಾಗಿಯಾದರೂ ಇತ್ತ ಬಂದಿದ್ದಾರೆ. 2014ರ ನಿಯಮಗಳಲ್ಲಿ ಪ್ಯಾಲಡಿನ್ ಪ್ರೇತ, ಪಿಶಾಚಿ, ದೇವಲೋಕದ ಜೀವಿಗಳ ಇರವನ್ನಷ್ಟೇ ಗುರುತಿಸಬಲ್ಲ. ಮನುಷ್ಯನೊಬ್ಬ ಕೆಟ್ಟವನೋ ಅಲ್ಲವೋ ಎಂಬುದು ಅವನಿಗೆ ಕಾಣದು. ಯಾವ ಜನಾಂಗವನ್ನೂ ಹುಟ್ಟಿನಿಂದಲೇ ಕೆಟ್ಟದ್ದೆಂದು ಚಿತ್ರಿಸುವ ರೂಢಿಯಿಂದ ದೂರ ಸರಿಯುವುದಾಗಿ ಪ್ರಕಾಶಕರು 2020ರಲ್ಲಿ ಹೇಳಿದರು. 2024ರ ಪುಸ್ತಕದಲ್ಲಿ ಆಟಗಾರರೇ ಆರ್ಕ್ ಆಗಿ ಆಡಬಹುದು. ಗುಹೆಯ ಮೂಲೆಯಲ್ಲಿದ್ದ ಆ ಮಗು ಈಗ ಮೇಜಿನ ಸುತ್ತ ಕೂರಬಹುದು, ಬೇಕಿದ್ದರೆ ಪವಿತ್ರ ಯೋಧನೇ ಆಗಬಹುದು. ಮೇಜಿನ ಮೇಲೆ ನಿಯಮ ಬದಲಿಸಲು ಒಂದು ಪುಸ್ತಕ ಸಾಕು. ಹೊರಗೆ, ಒಂದಿಡೀ ಸಮುದಾಯವನ್ನು ತೋರಿಸಿ ಸೀರು, ಹೇನು ಎನ್ನುವ ಮಾತು ಕಿವಿಗೆ ಬಿದ್ದಾಗ, ಅದು ಯಾರ ಬಾಯಿಂದಲೇ ಬರಲಿ, ಎದೆ ಸೀಳಿ ನೋಡಿದ್ದೀಯಾ ಎಂದು ಕೇಳುವವರು ನಾವೇ ಆಗಬೇಕು.